ಕಾಳಗದ ನಡುವಿನ ರೂಪಾಂತರ: ಜೀವಿ ಸಂಗ್ರಹಣೆಯ ವಿಡಿಯೋ ಗೇಮ್‌ಗಳಲ್ಲಿ

ಕಾಲ್ಪನಿಕ ಜೀವಿಗಳನ್ನು ಹಿಡಿದು, ಸಾಕಿ, ಬೇರೊಬ್ಬರ ಜೀವಿಗಳೊಡನೆ ಕಾದಾಡಿಸುವ ವಿಡಿಯೋ ಗೇಮ್‌ಗಳಲ್ಲಿ, ಕಾಳಗ ನಡೆಯುತ್ತಿರುವಾಗಲೇ ಒಂದು ಜೀವಿ ತಾತ್ಕಾಲಿಕವಾಗಿ ಬೇರೊಂದು ರೂಪ, ಬಲ ಅಥವಾ ಗುಣವನ್ನು ತಾಳುವ ವ್ಯವಸ್ಥೆ. ಪಂದ್ಯ ಮುಗಿದ ಮೇಲೆ, ಕೆಲವು ಆಟಗಳಲ್ಲಿ ಅದಕ್ಕೂ ಮೊದಲೇ, ಜೀವಿ ತನ್ನ ಮೂಲರೂಪಕ್ಕೆ ಮರಳುತ್ತದೆ. ಶಾಶ್ವತ ವಿಕಾಸಕ್ಕೂ ಇದಕ್ಕೂ ಇರುವ ಅಂತರ ಇದೇ. ಪೋಕೆಮಾನ್ ಆಟಗಳ ಚಾರ್ಮ್ಯಾಂಡರ್ 16ನೇ ಲೆವೆಲ್‌ನಲ್ಲಿ ಚಾರ್ಮೀಲಿಯನ್ ಆಗಿ, 36ರಲ್ಲಿ ಚಾರಿಜಾರ್ಡ್ ಆಗಿ ಬೆಳೆದರೆ ಅದು ಮತ್ತೆ ಹಿಂದಕ್ಕೆ ಹೋಗುವುದಿಲ್ಲ. ಶಿನ್ ಮೆಗಾಮಿ ಟೆನ್ಸೈ (1992) ಆಟದಲ್ಲಿ ಎರಡು ದೈತ್ಯಗಳನ್ನು ಬೆಸೆದು ಮೂರನೆಯದನ್ನು ಪಡೆಯುವ ಕ್ರಮವೂ, ಡ್ರ್ಯಾಗನ್ ಕ್ವೆಸ್ಟ್ ಮಾನ್ಸ್ಟರ್ಸ್ (1998) ಆಟದಲ್ಲಿ ಜೋಡಿ ಕಟ್ಟಿ ಹೊಸ ತಳಿ ಪಡೆಯುವ ಕ್ರಮವೂ ಕಾಳಗದ ಹೊರಗಿನವು. ಈ ಲೇಖನದ ವಿಷಯ ಕಣದೊಳಗಿನ ಬದಲಾವಣೆ ಮಾತ್ರ.

ಮೇಲ್ನೋಟಕ್ಕೆ ರೂಪಾಂತರವು ಬಲ ಹೆಚ್ಚಿಸಿಕೊಳ್ಳುವ ಒಂದು ಉಪಾಯ. ಆದರೆ ಎಷ್ಟು ಬಲ ಹೆಚ್ಚಿತು ಎಂಬ ಲೆಕ್ಕದಿಂದ ಒಂದು ವ್ಯವಸ್ಥೆಯ ಒಳಿತು ಕೆಡುಕು ತಿಳಿಯುವುದಿಲ್ಲ. ರೂಪ ಬದಲಿಸುವ ಹಕ್ಕು ತಂಡದಲ್ಲಿ ಯಾರಿಗಿದೆ, ಅದು ಎಷ್ಟು ಹೊತ್ತು ಉಳಿಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಎದುರಾಳಿಗೆ ಅದರ ಸುಳಿವು ಯಾವಾಗ ಸಿಗುತ್ತದೆ ಎಂಬುದರಲ್ಲೇ ಆಟದ ಸ್ವಾರಸ್ಯ ಅಡಗಿದೆ. ಗೇಮ್ ಫ್ರೀಕ್ ಸಂಸ್ಥೆ ರೂಪಿಸುವ ಪೋಕೆಮಾನ್ ಮುಖ್ಯ ಸರಣಿ 2013ರಿಂದ 2022ರ ನಡುವೆ ಇದೇ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ಆದ್ದರಿಂದ ಹೋಲಿಕೆಗೆ ಅದೇ ಮುಖ್ಯ ಆಧಾರ.

ಆರಂಭದ ರೂಪಗಳು

1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಗೇಮ್ ಬಾಯ್‌ಗೆ ಬಿಡುಗಡೆಯಾದ ಪೋಕೆಮಾನ್ ರೆಡ್ ಮತ್ತು ಗ್ರೀನ್‌ನಲ್ಲಿಯೇ ರೂಪಾಂತರವಿತ್ತು. ಡಿಟ್ಟೋ ಎಂಬ ಜೀವಿಗೆ ಗೊತ್ತಿದ್ದ ಒಂದೇ ಮೂವ್ (ಕಾಳಗದ ಪಟ್ಟು) ಎಂದರೆ ಟ್ರಾನ್ಸ್‌ಫಾರ್ಮ್. ಅದನ್ನು ಬಳಸಿದರೆ ಎದುರಾಳಿಯ ಆಕಾರ, ಟೈಪ್ (ಬೆಂಕಿ, ನೀರಿನಂಥ ವರ್ಗ), ಮೂವ್‌ಗಳು ಹಾಗೂ ಜೀವಬಲವಾದ ಎಚ್‌ಪಿ ಬಿಟ್ಟು ಉಳಿದ ಸಾಮರ್ಥ್ಯಗಳೆಲ್ಲ ನಕಲಾಗುತ್ತಿದ್ದವು. ಆದರೆ ಪ್ರತಿ ಮೂವನ್ನು ಐದೇ ಬಾರಿ ಬಳಸಬಹುದಿತ್ತು. ನಕಲು ಮಾಡಲು ಒಂದು ಸರದಿ ಖರ್ಚಾಗುತ್ತಿದ್ದುದು ಡಿಟ್ಟೋದ ದೊಡ್ಡ ದೌರ್ಬಲ್ಯ. ಸರಣಿಯ ಐದನೇ ತಲೆಮಾರಿನ ಆಟಗಳಲ್ಲಿ ಬಂದ ಇಂಪೋಸ್ಟರ್ ಎಂಬ ವಿಶೇಷ ಸಾಮರ್ಥ್ಯ ಕಣಕ್ಕಿಳಿದ ಕ್ಷಣವೇ ರೂಪ ಬದಲಾಗುವಂತೆ ಮಾಡಿತು. ಅಲ್ಲಿಯವರೆಗೆ ತಮಾಷೆಯ ಜೀವಿಯಾಗಿದ್ದ ಡಿಟ್ಟೋವನ್ನು ಗಂಭೀರ ಆಟಗಾರರೂ ತಂಡಕ್ಕೆ ಸೇರಿಸಿಕೊಳ್ಳತೊಡಗಿದರು. ಒಂದೇ ಒಂದು ಸರದಿಯ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಮುಂದಿನ ಆಟಗಳಲ್ಲಿ ಸನ್ನಿವೇಶಕ್ಕೆ ತಕ್ಕಂತೆ ತಾನೇ ಬದಲಾಗುವ ಜೀವಿಗಳು ಬಂದವು. ಕ್ಯಾಸ್ಟ್‌ಫಾರ್ಮ್ (2002) ಹವಾಮಾನ ನೋಡಿ ಟೈಪ್ ಬದಲಿಸುತ್ತದೆ. ಎಚ್‌ಪಿ ಅರ್ಧಕ್ಕಿಳಿದಾಗ ಧ್ಯಾನಸ್ಥ ರೂಪಕ್ಕೆ ತಿರುಗುವ ಡಾರ್ಮನಿಟಾನ್ (2010), ಮಂದೆ ಕಟ್ಟಿಕೊಂಡು ದೈತ್ಯ ಮೀನಾಗುವ ವಿಶಿವಾಶಿ (2016), ಒಮ್ಮೆ ಕಣದಿಂದ ಹಿಂದೆ ಸರಿದು ಮರಳಿ ಬಂದಾಗ ವೀರನಾಗಿ ನಿಲ್ಲುವ ಡಾಲ್ಫಿನ್ ಪ್ಯಾಲಫಿನ್ (2022) ಇದೇ ಸಾಲಿನವು. ವಿಶಿವಾಶಿಯ ಮೂಲ ಸಾಮರ್ಥ್ಯಗಳ ಮೊತ್ತ 175. ಮಂದೆಯ ರೂಪದಲ್ಲಿ ಅದು 620.

ಈ ಗುಂಪಿನಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು 2013ರ ಏಜಿಸ್ಲ್ಯಾಶ್. ಕತ್ತಿ ಗುರಾಣಿಗಳೇ ಮೈಯಾಗಿರುವ ಈ ಜೀವಿ ಗುರಾಣಿ ರೂಪದಲ್ಲಿದ್ದಾಗ ಅದರ ರಕ್ಷಣೆ 150, ದಾಳಿ ಬರಿ 50. ದಾಳಿಯ ಮೂವ್ ಬಳಸುವ ಗಳಿಗೆಯಲ್ಲಿ ಕತ್ತಿ ರೂಪಕ್ಕೆ ತಿರುಗುತ್ತದೆ. ಸಂಖ್ಯೆಗಳು ಅದಲುಬದಲಾಗಿ ದಾಳಿ 150, ರಕ್ಷಣೆ 50 ಆಗುತ್ತವೆ. ಮತ್ತೆ ಗುರಾಣಿ ಹಿಡಿಯಬೇಕಾದರೆ ಕಿಂಗ್ಸ್ ಶೀಲ್ಡ್ ಎಂಬ ಮೂವ್ ಬಳಸಬೇಕು, ಅಂದರೆ ಆ ಸರದಿಯಲ್ಲಿ ದಾಳಿಯನ್ನು ಬಿಟ್ಟುಕೊಡಬೇಕು, ಇಲ್ಲವೇ ಕಣದಿಂದ ಹಿಂದೆ ಸರಿಯಬೇಕು. ಇದಕ್ಕೆ ವಿಶೇಷ ವಸ್ತು ಬೇಡ, ಪಂದ್ಯಕ್ಕೊಮ್ಮೆ ಎಂಬ ಮಿತಿಯಿಲ್ಲ, ಕಥೆಯ ಆಡಂಬರವೂ ಇಲ್ಲ. ಏಜಿಸ್ಲ್ಯಾಶ್ ನಿಧಾನದ ಜೀವಿಯಾದ್ದರಿಂದ ಹೆಚ್ಚಿನ ವೇಳೆ ಎದುರಾಳಿಯ ಪೆಟ್ಟನ್ನು ಗುರಾಣಿಯಲ್ಲಿ ತಡೆದು, ಬಳಿಕ ಕತ್ತಿ ಬೀಸುತ್ತದೆ. ಸಾಮಾನ್ಯವಾಗಿ ಕೊರತೆ ಎನಿಸುವ ನಿಧಾನವೇ ಇಲ್ಲಿ ಆಸ್ತಿ. ಎದುರಾಳಿ ಈಗ ಹೊಡೆಯಬೇಕೋ ಕಾಯಬೇಕೋ ಎಂದು ಪ್ರತಿ ಸರದಿಯೂ ಊಹಿಸಬೇಕು. ಎಂಟನೇ ತಲೆಮಾರಿನಲ್ಲಿ 150 ಇದ್ದದ್ದನ್ನು 140ಕ್ಕೆ ಇಳಿಸಬೇಕಾಯಿತೆಂಬುದು ಅದರ ಶಕ್ತಿಗೆ ಸಾಕ್ಷಿ. ಇಡೀ ಸರಣಿಯಲ್ಲಿ ರೂಪಾಂತರದ ಅತ್ಯಂತ ಹದವಾದ ವಿನ್ಯಾಸ ಇದೇ ಎಂದು ಹೇಳಲು ಹಿಂಜರಿಯಬೇಕಿಲ್ಲ.

ಮೆಗಾ ಎವಲ್ಯೂಷನ್

2013ರ ಅಕ್ಟೋಬರ್ 12ರಂದು ಜಗತ್ತಿನಾದ್ಯಂತ ಒಂದೇ ದಿನ ಬಿಡುಗಡೆಯಾದ ಪೋಕೆಮಾನ್ ಎಕ್ಸ್ ಮತ್ತು ವೈ, ರೂಪಾಂತರವನ್ನು ಆಟಗಾರನ ಕೈಗೆ ಕೊಟ್ಟವು. ಜೀವಿ ತನ್ನ ಜಾತಿಗೆ ಮೀಸಲಾದ ಮೆಗಾ ಸ್ಟೋನ್ ಹಿಡಿದಿರಬೇಕು, ಟ್ರೇನರ್ ಬಳಿ ಕೀ ಸ್ಟೋನ್ ಇರಬೇಕು. ಪಂದ್ಯಕ್ಕೆ ಒಂದೇ ಸಲ, ಒಂದೇ ಜೀವಿಗೆ. ಎಚ್‌ಪಿ ಬದಲಾಗದೆ ಉಳಿದ ಸಾಮರ್ಥ್ಯಗಳಿಗೆ ಸಾಮಾನ್ಯವಾಗಿ ಒಟ್ಟು 100 ಅಂಕ ಸೇರುತ್ತದೆ. ಟೈಪ್ ಮತ್ತು ವಿಶೇಷ ಸಾಮರ್ಥ್ಯ ಬದಲಾಗುವುದೂ ಉಂಟು. ಜೀವಿ ಸೋತು ಬೀಳುವವರೆಗೆ ಅಥವಾ ಪಂದ್ಯ ಮುಗಿಯುವವರೆಗೆ ಆ ರೂಪ ಉಳಿಯುತ್ತದೆ. ಮರುವರ್ಷದ ಒಮೆಗಾ ರೂಬಿ, ಆಲ್ಫಾ ಸಫೈರ್ ಸೇರಿದ ಮೇಲೆ 46 ಜಾತಿಗಳಿಗೆ 48 ಮೆಗಾ ರೂಪಗಳಾದವು.

ಇದಕ್ಕೆ ತೆರಬೇಕಾದ ಬೆಲೆ ಕಲ್ಲಿನದು. ಒಂದು ಜೀವಿ ಒಂದೇ ವಸ್ತುವನ್ನು ಹಿಡಿಯಬಲ್ಲದು. ಮೆಗಾ ಸ್ಟೋನ್ ಕೊಟ್ಟರೆ ಎಚ್‌ಪಿ ತುಂಬುವ ಅಥವಾ ದಾಳಿ ಹೆಚ್ಚಿಸುವ ಬೇರೆ ವಸ್ತುವಿಗೆ ಜಾಗವಿಲ್ಲ. ಜೊತೆಗೆ, ಪಂದ್ಯದ ಮೊದಲು ಎರಡೂ ತಂಡಗಳು ಪರದೆಯ ಮೇಲೆ ಕಾಣುವುದರಿಂದ ಯಾವ ಜೀವಿ ಮೆಗಾ ಆಗಲಿದೆ ಎಂದು ಅನುಭವಿ ಎದುರಾಳಿ ಮೊದಲೇ ಊಹಿಸಿಬಿಡುತ್ತಾನೆ. ಚಾರಿಜಾರ್ಡ್ ಇಷ್ಟೊಂದು ಕುತೂಹಲ ಹುಟ್ಟಿಸಿದ್ದು ಇದೇ ಕಾರಣಕ್ಕೆ. ಅದಕ್ಕೆ ಎರಡು ಮೆಗಾ ರೂಪಗಳಿವೆ. ಎಕ್ಸ್ ರೂಪ ಬೆಂಕಿ ಮತ್ತು ಡ್ರ್ಯಾಗನ್ ಟೈಪಿನದಾಗಿ ಮೈಮೇಲೆ ಬಿದ್ದು ಹೊಡೆಯುತ್ತದೆ. ವೈ ರೂಪ ಬಿಸಿಲನ್ನು ಕರೆತಂದು ದೂರದಿಂದ ಸುಡುತ್ತದೆ. ಎರಡನ್ನು ತಡೆಯುವ ಉಪಾಯಗಳೂ ಬೇರೆ ಬೇರೆ. ಯಾವುದು ಬರುತ್ತದೆಂದು ಕಲ್ಲು ಮಿನುಗುವವರೆಗೆ ಗೊತ್ತಾಗುವುದಿಲ್ಲ.

ಕ್ಯಾಂಗಸ್‌ಖಾನ್‌ನ ಕಥೆ ಇನ್ನೊಂದು ಬಗೆಯದು. ಮೆಗಾ ಆದಾಗ ಹೊಟ್ಟೆಚೀಲದ ಮರಿ ಹೊರಬಂದು ತಾಯಿಯ ಜೊತೆ ತಾನೂ ಹೊಡೆಯುತ್ತದೆ. ಮರಿಯ ಪೆಟ್ಟಿಗೆ ತಾಯಿಯ ಪೆಟ್ಟಿನ ಅರ್ಧ ಬಲ. ಹೊಡೆದಾಗಲೆಲ್ಲ ದಾಳಿಯ ಮಟ್ಟವನ್ನು ಒಂದು ಮೆಟ್ಟಿಲು ಏರಿಸುವ ಪವರ್-ಅಪ್ ಪಂಚ್ ಎರಡು ಬಾರಿ ತಾಗುವುದರಿಂದ ಒಂದೇ ಸರದಿಯಲ್ಲಿ ಎರಡು ಮೆಟ್ಟಿಲು ಏರುತ್ತಿತ್ತು. ಅಧಿಕೃತ ಸ್ಪರ್ಧೆಗಳಲ್ಲಿ ಈ ತಾಯಿಮರಿಯನ್ನು ಎದುರಿಸುವ ಉಪಾಯವಿಲ್ಲದ ತಂಡ ಕಟ್ಟುವಂತೆಯೇ ಇರಲಿಲ್ಲ. 2015ರ ವಿಶ್ವ ಚಾಂಪಿಯನ್ ಶೋಮಾ ಹೊನಾಮಿಯ ತಂಡದಲ್ಲೂ ಅದಿತ್ತು. ಏಳನೇ ತಲೆಮಾರಿನಲ್ಲಿ ಮರಿಯ ಪೆಟ್ಟನ್ನು ಕಾಲು ಭಾಗಕ್ಕೆ ಇಳಿಸಿದರು. ಅದೇ ಹೊತ್ತಿಗೆ ಮತ್ತೊಂದು ತಿದ್ದುಪಡಿಯೂ ಬಂತು. ಮೊದಲು ಮೆಗಾ ಆದ ಸರದಿಯಲ್ಲಿ ಯಾರು ಮುಂದು ಎಂಬುದನ್ನು ಹಳೆಯ ರೂಪದ ವೇಗದಿಂದ ಲೆಕ್ಕ ಹಾಕುತ್ತಿದ್ದರು. ಆಮೇಲೆ ಹೊಸ ರೂಪದ ವೇಗವನ್ನೇ ಹಿಡಿದರು. ಕೇಳಲು ಸಣ್ಣ ಬದಲಾವಣೆ, ಆದರೆ ವೇಗದ ಮೆಗಾಗಳು ಒಂದು ಸರದಿಯ ಅಪಾಯದಿಂದ ಪಾರಾದವು.

ಎಲ್ಲ ಹದವನ್ನೂ ಕೆಡಿಸಿದ್ದು ರೇಕ್ವಾಜಾ. ಅದಕ್ಕೆ ಕಲ್ಲೇ ಬೇಡ, ಡ್ರ್ಯಾಗನ್ ಅಸೆಂಟ್ ಎಂಬ ಮೂವ್ ಗೊತ್ತಿದ್ದರೆ ಸಾಕು. ಬೆಲೆ ತೆರದೆ ಸಿಕ್ಕ ರೂಪಾಂತರದ ಪರಿಣಾಮ ಹೀಗಿತ್ತು: ಅಭಿಮಾನಿಗಳೇ ನಡೆಸುವ ಸ್ಪರ್ಧಾ ಸಮುದಾಯ ಸ್ಮೋಗನ್, ಅತಿ ಬಲಶಾಲಿಗಳಿಗೆಂದೇ ಇದ್ದ ಊಬರ್ಸ್ ವರ್ಗದಿಂದಲೂ ಅದನ್ನು ಹೊರಹಾಕಿ, ಎನಿಥಿಂಗ್ ಗೋಸ್ ಎಂಬ ಹೊಸ ವರ್ಗವನ್ನೇ ತೆರೆಯಿತು.

ಗ್ರೌಡಾನ್, ಕಯೋಗರ್‌ಗಳ ಪ್ರೈಮಲ್ ರಿವರ್ಷನ್ ಮೆಗಾದ ದಾಯಾದಿ. ಅವು ತಮ್ಮ ಗೋಳ ಹಿಡಿದು ಕಣಕ್ಕಿಳಿದರೆ ಆಟಗಾರ ಹೇಳದೆಯೂ ರೂಪ ಬದಲಿಸುತ್ತವೆ. 2016ರ ಸನ್ ಮತ್ತು ಮೂನ್‌ನ ಝಡ್-ಮೂವ್ ನಿಜವಾದ ರೂಪಾಂತರವಲ್ಲ, ಪಂದ್ಯಕ್ಕೊಮ್ಮೆ ಒಂದು ಮೂವನ್ನು ಮಹಾಸ್ತ್ರವಾಗಿಸುವ ವ್ಯವಸ್ಥೆ. ಆದರೂ ಒಂದು ಕಾರಣಕ್ಕೆ ಇಲ್ಲಿ ಅದನ್ನು ನೆನೆಯಬೇಕು. ಅದಕ್ಕೆ ಬೇಕಾದ ಝಡ್-ಕ್ರಿಸ್ಟಲ್ ಅನ್ನು ಹೆಚ್ಚುಕಡಿಮೆ ಯಾವ ಜೀವಿಗಾದರೂ ಕೊಡಬಹುದಿತ್ತು. ಮೆಗಾ ಕೆಲವೇ ಜಾತಿಗಳ ಸೊತ್ತಾಗಿದ್ದರೆ, ಮುಂದೆ ಬಂದ ಎರಡು ವ್ಯವಸ್ಥೆಗಳು ಹಿಡಿದ ಎಲ್ಲರಿಗೂ ಹಕ್ಕು ಎಂಬ ದಾರಿ ಇಲ್ಲಿಂದ ತೆರೆಯಿತು.

ಡೈನಾಮ್ಯಾಕ್ಸ್

2019ರ ನವೆಂಬರ್ 15ರಂದು ಬಂದ ಸ್ವೋರ್ಡ್ ಮತ್ತು ಶೀಲ್ಡ್ ಮೆಗಾವನ್ನೂ ಝಡ್-ಮೂವನ್ನೂ ಕೈಬಿಟ್ಟವು. ಬದಲಿಗೆ ಬಂದದ್ದು ಜೀವಿಯನ್ನು ಮುಗಿಲೆತ್ತರ ಬೆಳೆಸುವ ಡೈನಾಮ್ಯಾಕ್ಸ್. ಕಥೆ ಸಾಗುವ ಗ್ಯಾಲರ್ ನಾಡು ಬ್ರಿಟನ್ನಿನ ಛಾಯೆಯದು. ಅಲ್ಲಿನ ಜಿಮ್ ಪಂದ್ಯಗಳು ಫುಟ್‌ಬಾಲ್ ಮೈದಾನದಂಥ ಕ್ರೀಡಾಂಗಣಗಳಲ್ಲಿ, ಕಿಕ್ಕಿರಿದ ಜನರ ಕೂಗಿನ ನಡುವೆ ನಡೆಯುತ್ತವೆ. ಆ ದೈತ್ಯ ರೂಪಕ್ಕೆ ಅಂಥ ಅಂಗಳವೇ ತಕ್ಕದ್ದು.

ಝಾಸಿಯನ್, ಝಾಮಜೆಂಟಾ, ಇಟರ್ನಟಸ್‌ನಂಥ ಕೆಲವನ್ನು ಬಿಟ್ಟರೆ ಯಾವ ಜೀವಿಯಾದರೂ ಡೈನಾಮ್ಯಾಕ್ಸ್ ಆಗಬಲ್ಲದು. ವಸ್ತುವಿನ ಬೆಲೆ ಇಲ್ಲ. ಮಿತಿ ಕಾಲದ್ದು: ಮೂರೇ ಸರದಿ. ಆ ಮೂರು ಸರದಿಗಳಲ್ಲಿ ಎಚ್‌ಪಿ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೆ ಹಿಗ್ಗುತ್ತದೆ. ದಾಳಿಗಳೆಲ್ಲ ಮ್ಯಾಕ್ಸ್ ಮೂವ್‌ಗಳಾಗುತ್ತವೆ, ಹಾನಿ ಮಾಡದ ಮೂವ್‌ಗಳು ಮ್ಯಾಕ್ಸ್ ಗಾರ್ಡ್ ಎಂಬ ರಕ್ಷಣೆಯಾಗುತ್ತವೆ. ಮ್ಯಾಕ್ಸ್ ಮೂವ್‌ಗಳ ನಿಜವಾದ ಬಲ ಅವುಗಳ ಬೆನ್ನಿಗೆ ಬರುವ ಪರಿಣಾಮದಲ್ಲಿದೆ. ಬೆಂಕಿಯ ಮ್ಯಾಕ್ಸ್ ಮೂವ್ ಬಿಸಿಲು ತರುತ್ತದೆ; ಹಾರುವ ಟೈಪಿನ ಮ್ಯಾಕ್ಸ್ ಏರ್‌ಸ್ಟ್ರೀಮ್ ಹೊಡೆದವನ ವೇಗವನ್ನಷ್ಟೇ ಅಲ್ಲ, ಜೊತೆಗಾರನ ವೇಗವನ್ನೂ ಏರಿಸುತ್ತದೆ. ಕೆಲವು ಜಾತಿಗಳಿಗೆ ಜೈಗಾಂಟಾಮ್ಯಾಕ್ಸ್ ಎಂಬ ವಿಶಿಷ್ಟ ರೂಪವೂ ಅದಕ್ಕೆ ಮೀಸಲಾದ ಮೂವೂ ಇದ್ದವು.

ಈ ವ್ಯವಸ್ಥೆ ಆಟಗಾರರ ತಲೆಯನ್ನು ಎಷ್ಟು ಓಡಿಸಿತೆಂಬುದಕ್ಕೆ ಕೊಲೊಸಲ್ ತಂಡವೇ ನಿದರ್ಶನ. ಕಲ್ಲು ಮತ್ತು ಬೆಂಕಿಯ ಟೈಪಿನ, ತೀರ ನಿಧಾನದ ಈ ಜೀವಿಗೆ ನೀರಿನ ದಾಳಿ ನಾಲ್ಕು ಪಟ್ಟು ತಾಗುತ್ತದೆ. ಎರಡೆರಡು ಜೀವಿಗಳು ಜೊತೆಯಾಗಿ ಕಾದಾಡುವ ಡಬಲ್ಸ್ ಪಂದ್ಯದಲ್ಲಿ ಅದನ್ನು ಮೊದಲು ಜೈಗಾಂಟಾಮ್ಯಾಕ್ಸ್ ಮಾಡಿ ಎಚ್‌ಪಿ ಹಿಗ್ಗಿಸುತ್ತಿದ್ದರು. ಆಗ ಪಕ್ಕದ ಡ್ರ್ಯಾಗಪಲ್ಟ್, ಸುತ್ತಲಿನ ಎಲ್ಲರನ್ನೂ ತೊಯ್ಯಿಸುವ ಸರ್ಫ್ ಮೂವನ್ನು ಬಳಸುತ್ತಿತ್ತು. ತನ್ನವನ ಪೆಟ್ಟು ತಿಂದ ಕೊಲೊಸಲ್‌ಗೆ ನೀರು ತಾಗಿದ್ದಕ್ಕೆ ಸ್ಟೀಮ್ ಎಂಜಿನ್ ಎಂಬ ವಿಶೇಷ ಸಾಮರ್ಥ್ಯದಿಂದ ವೇಗ ಆರು ಮೆಟ್ಟಿಲು ಏರುತ್ತಿತ್ತು. ದುರ್ಬಲ ಜಾಗಕ್ಕೆ ಪೆಟ್ಟು ಬಿದ್ದದ್ದಕ್ಕೆ ಕೈಯಲ್ಲಿದ್ದ ವೀಕ್‌ನೆಸ್ ಪಾಲಿಸಿಯಿಂದ ದಾಳಿಯ ಸಾಮರ್ಥ್ಯಗಳು ಎರಡೆರಡು ಮೆಟ್ಟಿಲು ಏರುತ್ತಿದ್ದವು. ಮೊದಲ ಸರದಿಯಲ್ಲೇ ಕಣದ ಅತಿ ನಿಧಾನದ ಜೀವಿ ಅತಿ ವೇಗದ ದೈತ್ಯವಾಗುತ್ತಿತ್ತು. ದೌರ್ಬಲ್ಯವನ್ನೇ ಕೀಲಿಕೈ ಮಾಡಿಕೊಂಡ ಇಂಥ ಯೋಜನೆ ಸಾಧ್ಯವಾದದ್ದು ಇಮ್ಮಡಿಯಾದ ಎಚ್‌ಪಿಯಿಂದ.

ಡೈನಾಮ್ಯಾಕ್ಸ್ ಕುರಿತ ತೀರ್ಪು ಮಾತ್ರ ಎರಡಾಗಿ ಸೀಳಿತು. ಒಂದು ಜೀವಿಯೆದುರು ಒಂದೇ ಜೀವಿ ಕಾದಾಡುವ ಸಿಂಗಲ್ಸ್‌ನಲ್ಲಿ ಸ್ಮೋಗನ್ 2019ರ ಡಿಸೆಂಬರಿನಲ್ಲೇ ಅದನ್ನು ನಿಷೇಧಿಸಿತು. ಅಧಿಕೃತ ಡಬಲ್ಸ್ ಸ್ಪರ್ಧೆಗಳಲ್ಲಿ ಅದೇ ಆಟದ ಜೀವಾಳವಾಯಿತು. ಎರಡೂ ಸರಿಯೇ. ಸಿಂಗಲ್ಸ್‌ನಲ್ಲಿ ಎದುರಿನ ಯಾವ ಜೀವಿ, ಯಾವ ಸರದಿಯಲ್ಲಿ ದೈತ್ಯವಾದೀತೆಂದು ಊಹಿಸಲು ಆಧಾರವಿಲ್ಲ. ಬೆಳೆದದ್ದನ್ನು ತಡೆಯಲು ತಾನೂ ಬೆಳೆಯುವುದೇ ಹೆಚ್ಚುಕಡಿಮೆ ಒಂದೇ ದಾರಿ. ಡಬಲ್ಸ್‌ನಲ್ಲಿ ಇಬ್ಬರು ಸೇರಿ ಒಂದನ್ನು ಹೊಡೆಯಬಹುದು, ಪಕ್ಕದ ಜೊತೆಗಾರನನ್ನು ಮೊದಲು ಉರುಳಿಸಬಹುದು, ರಕ್ಷಣೆಯ ಮೂವ್‌ಗಳಿಂದ ಮೂರು ಸರದಿಗಳನ್ನು ಸವೆಸಬಹುದು. ಹೀಗೆ ಒಂದೇ ನಿಯಮ ಒಂದು ಅಂಗಳದಲ್ಲಿ ಜೂಜಾಗಿ, ಇನ್ನೊಂದರಲ್ಲಿ ಲೆಕ್ಕಾಚಾರವಾಗಿ ನಡೆಯಿತು.

ಟೆರಾಸ್ಟಲ್

2022ರ ನವೆಂಬರ್ 18ರಂದು ಬಿಡುಗಡೆಯಾದ ಸ್ಕಾರ್ಲೆಟ್ ಮತ್ತು ವಯಲೆಟ್‌ನ ಟೆರಾಸ್ಟಲ್ ವ್ಯವಸ್ಥೆ ಬಲಕ್ಕಿಂತ ಹೆಚ್ಚಾಗಿ ಟೈಪಿನ ಮೇಲೆ ಕೈಯಿಟ್ಟಿತು. ಮೊದಲ ಆಟಗಳಲ್ಲಿ 15 ಇದ್ದು ಈಗ 18ಕ್ಕೆ ಏರಿರುವ ಟೈಪ್‌ಗಳು ಈ ಸರಣಿಯ ತಳಪಾಯ. ನೀರು ಬೆಂಕಿಯನ್ನು, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು ಗೆಲ್ಲುವ ಸಂಬಂಧಗಳನ್ನು ಪ್ರತಿ ಆಟಗಾರನೂ ಬಾಯಿಪಾಠ ಮಾಡಿಕೊಂಡಿರುತ್ತಾನೆ. ಟೆರಾ ಆದ ಜೀವಿ ಮೈಯೆಲ್ಲ ಸ್ಫಟಿಕವಾಗಿ, ತನ್ನ ಮೂಲ ಟೈಪ್ ಬಿಟ್ಟು, ಮೊದಲೇ ಗೊತ್ತುಮಾಡಿದ ಒಂದೇ ಟೆರಾ ಟೈಪಿನದಾಗುತ್ತದೆ. ಪೆಟ್ಟು ತಿನ್ನುವಾಗ ಹೊಸ ಟೈಪಿನ ಲೆಕ್ಕ ಮಾತ್ರ. ಪೆಟ್ಟು ಕೊಡುವಾಗ ಮಾತ್ರ ಹಳೆಯ ಟೈಪಿನ ಮೂವ್‌ಗಳಿಗೆ ಸಿಗುವ ಒಂದೂವರೆ ಪಟ್ಟಿನ ಲಾಭ ಹಾಗೆಯೇ ಉಳಿದು, ಹೊಸ ಟೈಪಿನ ಮೂವ್‌ಗಳಿಗೂ ಅದು ದಕ್ಕುತ್ತದೆ. ಟೆರಾ ಟೈಪೂ ಮೂಲ ಟೈಪೂ ಒಂದೇ ಆಗಿದ್ದರೆ ಲಾಭ ಎರಡು ಪಟ್ಟು. ಪಂದ್ಯಕ್ಕೊಮ್ಮೆ ಎಂಬ ಮಿತಿ ಇಲ್ಲೂ ಇದೆ, ಆದರೆ ವಸ್ತು ಹಿಡಿಯಬೇಕಿಲ್ಲ, ಮೂರು ಸರದಿಯ ಗಡುವೂ ಇಲ್ಲ.

ಡ್ರಾಗೊನೈಟ್ ಒಂದನ್ನು ನೋಡಿದರೆ ಇದರ ಆಳ ತಿಳಿಯುತ್ತದೆ. ಡ್ರ್ಯಾಗನ್ ಮತ್ತು ಹಾರುವ ಟೈಪಿನ ಅದಕ್ಕೆ ಮಂಜಿನ ದಾಳಿ ನಾಲ್ಕು ಪಟ್ಟು ತಾಗುತ್ತದೆ. 1996ರಿಂದಲೂ ಅದನ್ನು ಕೆಡವುವ ಉಪಾಯ ಅದೇ. ನಾರ್ಮಲ್ ಟೆರಾ ಟೈಪ್ ಕೊಟ್ಟರೆ ಅದೇ ಮಂಜಿನ ದಾಳಿ ಸಾಧಾರಣ ಪೆಟ್ಟಾಗಿ ಉಳಿಯುತ್ತದೆ, ಪ್ರೇತ ಟೈಪಿನ ದಾಳಿ ತಾಗುವುದೇ ಇಲ್ಲ. ಮೇಲಾಗಿ ಎದುರಾಳಿಗಿಂತ ಮೊದಲು ತಾಗುವ ಎಕ್ಸ್‌ಟ್ರೀಮ್ ಸ್ಪೀಡ್ ಎಂಬ ನಾರ್ಮಲ್ ಮೂವ್‌ಗೆ ಒಂದೂವರೆ ಪಟ್ಟು ಬಲ ಬರುತ್ತದೆ. ಮಂಜಿನ ಮೂವ್ ಆರಿಸಿ ಗೆದ್ದೆನೆಂದುಕೊಂಡವನ ಸರದಿ ವ್ಯರ್ಥವಾಗಿ, ಅವನ ಜೀವಿಯೇ ನೆಲಕ್ಕುರುಳಬಹುದು. ಹುಲ್ಲಿನ ಟೆರಾ ಆದರೆ ನಿದ್ದೆ ಬರಿಸುವ ಸ್ಪೋರ್ ತಾಗದು, ನೆಲದ ಟೆರಾ ಆದರೆ ವಿದ್ಯುತ್ತು ತಾಗದು. ಪ್ರತಿಯೊಂದು ಜೀವಿಯೂ ತನ್ನ ಹಳೆಯ ಶತ್ರುವಿನಿಂದ ಪಾರಾಗುವ ಒಂದು ಗುಟ್ಟಿನ ಬಾಗಿಲನ್ನು ಇಟ್ಟುಕೊಳ್ಳಬಹುದಾಯಿತು. ಆಟದಲ್ಲಿ ಟೆರಾ ಟೈಪ್ ಬದಲಿಸಿಕೊಳ್ಳಲು ಆಯಾ ಟೈಪಿನ 50 ಟೆರಾ ಚೂರುಗಳನ್ನು ಕೂಡಿಸಿ ಮೆಡಾಲಿ ಪಟ್ಟಣದ ಹೋಟೆಲಿಗೆ ಕೊಡಬೇಕು.

ತೊಡಕು ಇರುವುದೂ ಆ ಗುಟ್ಟಿನಲ್ಲೇ. 18 ಟೈಪ್‌ಗಳಲ್ಲಿ ಯಾವುದೆಂದು ತಿಳಿಯದ ಎದುರಾಳಿ ಸರಿಯಾದ ಮೂವನ್ನೇ ಆರಿಸಿಯೂ ಸೋಲಬಹುದು. ಆ ಸೋಲಿನಲ್ಲಿ ಕಲಿಯಲು ಏನೂ ಇರುವುದಿಲ್ಲ. ಸ್ಮೋಗನ್ ಸಮುದಾಯದಲ್ಲಿ ನಿಷೇಧದ ಚರ್ಚೆ ಬಿಸಿಯಾಗಿ ನಡೆದರೂ ಮುಖ್ಯ ವರ್ಗದಿಂದ ಟೆರಾವನ್ನು ತೆಗೆಯಲಿಲ್ಲ. ಅಧಿಕೃತ ಸ್ಪರ್ಧೆಗಳು 2023ರಿಂದ ಬೇರೆ ದಾರಿ ಹಿಡಿದವು. ಪಂದ್ಯಕ್ಕೆ ಮೊದಲು ಇಬ್ಬರೂ ತಂಡದ ಪಟ್ಟಿಯನ್ನು ಪರಸ್ಪರ ವಿನಿಮಯ ಮಾಡಿಕೊಳ್ಳಬೇಕು. ಮೂವ್, ವಸ್ತು, ವಿಶೇಷ ಸಾಮರ್ಥ್ಯಗಳ ಜೊತೆಗೆ ಟೆರಾ ಟೈಪೂ ಅದರಲ್ಲಿ ಬರೆದಿರುತ್ತದೆ. ಒಂದು ಸಂಖ್ಯೆಯನ್ನೂ ಬದಲಿಸದೆ ಇಡೀ ವ್ಯವಸ್ಥೆಯ ಸ್ವಭಾವವೇ ಬದಲಾಯಿತು. ಏನು ಅಡಗಿದೆ ಎಂಬ ಪ್ರಶ್ನೆ ಹೋಗಿ ಯಾವಾಗ, ಯಾರ ಮೇಲೆ ಬಳಸುತ್ತಾನೆ ಎಂಬ ಪ್ರಶ್ನೆ ಉಳಿಯಿತು. ಚದುರಂಗದ ಕಾಯಿ ಎಲ್ಲರಿಗೂ ಕಾಣುತ್ತದೆ, ನಡೆ ಮಾತ್ರ ಮನಸ್ಸಿನಲ್ಲಿರುತ್ತದೆ. ಟೆರಾ ಆ ಮಟ್ಟಕ್ಕೆ ಏರಿದ್ದು ಈ ಪಟ್ಟಿಯಿಂದ. 2023ರ ಡಿಸೆಂಬರಿನ ಇಂಡಿಗೋ ಡಿಸ್ಕ್ ವಿಸ್ತರಣೆ ಸ್ಟೆಲ್ಲರ್ ಎಂಬ ಇನ್ನೊಂದು ಟೆರಾವನ್ನು ಸೇರಿಸಿತು. ಅದು ರಕ್ಷಣೆಯ ಟೈಪನ್ನು ಬದಲಿಸದೆ, ಒಂದೊಂದು ಟೈಪಿನ ದಾಳಿಗೂ ಒಂದೊಂದು ಸಲ ಬಲ ಕೊಡುತ್ತದೆ.

ಡಿಜಿಮಾನ್

ಬಂಡೈ 1997ರಲ್ಲಿ ಮಾರಿದ ಅಂಗೈಯಗಲದ ಡಿಜಿಟಲ್ ಸಾಕುಪ್ರಾಣಿಯಿಂದ ಹುಟ್ಟಿದ ಡಿಜಿಮಾನ್ ಸರಣಿಗೆ ರೂಪಾಂತರವೇ ಉಸಿರು. ಆದರೆ ಅಲ್ಲೊಂದು ವಿಚಿತ್ರವಿದೆ. 1999ರ ಟಿವಿ ಸರಣಿಯಲ್ಲಿ ಆಗುಮಾನ್ ಅಪಾಯದ ಗಳಿಗೆಯಲ್ಲಿ ಗ್ರೇಮಾನ್ ಆಗಿ, ಕಾದಾಟ ಮುಗಿದೊಡನೆ ಮತ್ತೆ ಪುಟ್ಟದಾಗುತ್ತದೆ. ಆಟಗಳು ಬಹಳ ಕಾಲ ಈ ದಾರಿ ಹಿಡಿಯಲಿಲ್ಲ. ಪ್ಲೇಸ್ಟೇಷನ್‌ನ ಡಿಜಿಮಾನ್ ವರ್ಲ್ಡ್ (1999) ಸಾಕುಪ್ರಾಣಿಯ ಕ್ರಮವನ್ನೇ ಮುಂದುವರಿಸಿತು. ಆರೈಕೆಗೆ ತಕ್ಕ ಬೆಳವಣಿಗೆ, ಆಯಸ್ಸು ಮುಗಿದರೆ ಮತ್ತೆ ಮೊಟ್ಟೆ. ಸೈಬರ್ ಸ್ಲೂತ್ (2015) ಮುಂದಕ್ಕೂ ಹಿಂದಕ್ಕೂ ರೂಪ ಬದಲಿಸಲು ಬಿಟ್ಟಿತು, ಅದೂ ಕಾಳಗದ ಹೊರಗೆ. ನೆಕ್ಸ್ಟ್ ಆರ್ಡರ್ (2016) ಎರಡು ಸಂಗಾತಿಗಳು ಕಾಳಗದ ನಡುವೆ ಸ್ವಲ್ಪ ಹೊತ್ತು ಒಂದಾಗುವುದನ್ನು ತಂದಿತು.

ಟಿವಿ ಕಥೆಯ ನಿಯಮವನ್ನು ಆಟದ ನಿಯಮವಾಗಿ ಚೆನ್ನಾಗಿ ಒಗ್ಗಿಸಿದ್ದು 2022ರ ಡಿಜಿಮಾನ್ ಸರ್ವೈವ್. ಚೌಕಗಳ ಅಂಗಳದಲ್ಲಿ ನಡೆಯುವ ಅದರ ಕಾಳಗದಲ್ಲಿ ಸಂಗಾತಿ ಡಿಜಿಮಾನ್ ದೊಡ್ಡ ರೂಪ ತಾಳಿದರೆ ಪ್ರತಿ ಸರದಿಯೂ ಎಸ್‌ಪಿ ಎಂಬ ಶಕ್ತಿ ಸೋರುತ್ತದೆ, ವಿಶೇಷ ದಾಳಿಗೂ ಅದೇ ಎಸ್‌ಪಿ ಬೇಕು. ಬೇಗ ರೂಪ ಬದಲಿಸಿದವನಿಗೆ ಕೊನೆಯಲ್ಲಿ ಶಕ್ತಿ ಉಳಿಯುವುದಿಲ್ಲ. ಮಾತುಕತೆಯಲ್ಲಿ ಆಟಗಾರ ಆರಿಸಿದ ಉತ್ತರಗಳು ಆಗುಮಾನ್ ಯಾವ ರೂಪದತ್ತ ಬೆಳೆಯುತ್ತದೆಂದು ನಿರ್ಧರಿಸುತ್ತವೆ. ಪೋಕೆಮಾನ್‌ನಲ್ಲಿ ಪಂದ್ಯಕ್ಕೊಮ್ಮೆ ಸಿಗುವ ಅವಕಾಶ ಇಲ್ಲಿ ಸರದಿ ಸರದಿಗೂ ಕಟ್ಟಬೇಕಾದ ಬಾಡಿಗೆ.

ಇತರ ಆಟಗಳು

2023ರ ಕ್ಯಾಸೆಟ್ ಬೀಸ್ಟ್ಸ್ ಮೂಲ ಕಲ್ಪನೆಯನ್ನೇ ತಿರುಗಿಸಿತು. ನ್ಯೂ ವಿರಲ್ ದ್ವೀಪದಲ್ಲಿ ಸಿಕ್ಕಿಕೊಂಡ ಮನುಷ್ಯರು ಜೀವಿಗಳನ್ನು ಟೇಪ್ ಕ್ಯಾಸೆಟ್ಟಿನಲ್ಲಿ ಧ್ವನಿಮುದ್ರಿಸಿ, ಕಾಳಗದಲ್ಲಿ ತಾವೇ ಆ ಜೀವಿಗಳಾಗುತ್ತಾರೆ. ಜೀವಿಯ ರೂಪ ಸೋತರೆ ಒಳಗಿನ ಮನುಷ್ಯ ಬರಿಮೈಯಲ್ಲಿ ಕಣದಲ್ಲಿ ನಿಲ್ಲುತ್ತಾನೆ. ಇಬ್ಬರು ಸಂಗಾತಿಗಳು ಬೆಸೆದು ಒಂದೇ ಜೀವಿಯಾಗಬಹುದು. ಯಾವ ಎರಡು ಜೀವಿಗಳು ಬೆಸೆದರೂ ಅದಕ್ಕೊಂದು ಚಿತ್ರವುಂಟು. ಟೈಪ್ ಇಲ್ಲಿ ದಾಳಿಯಿಂದಲೂ ಬದಲಾಗುತ್ತದೆ: ಬೆಂಕಿ ತಾಗಿದ ಮಂಜಿನ ಜೀವಿ ಕರಗಿ ನೀರಿನ ಗುಣ ಪಡೆಯುತ್ತದೆ. ಟೆರಾದಲ್ಲಿ ಟೈಪ್ ಬದಲಿಸುವುದು ತನ್ನ ಹಕ್ಕಾದರೆ, ಇಲ್ಲಿ ಎದುರಾಳಿಯ ಟೈಪನ್ನೇ ಬದಲಿಸಬಹುದು. ಮನುಷ್ಯನೇ ಜೀವಿಯಾಗುವ ಕಲ್ಪನೆಯನ್ನು ಅಟ್ಲಸ್ ಸಂಸ್ಥೆಯ ಡಿಜಿಟಲ್ ಡೆವಿಲ್ ಸಾಗಾ (2004) ಇನ್ನೂ ಕತ್ತಲಿನ ಧಾಟಿಯಲ್ಲಿ ಬಳಸಿತ್ತು, ಆದರೆ ಅದು ಸಂಗ್ರಹಣೆಯ ಆಟವಲ್ಲ.

ವರ್ಲ್ಡ್ ಆಫ್ ಫೈನಲ್ ಫ್ಯಾಂಟಸಿ (2016) ಜೀವಿಗಳನ್ನು ದೊಡ್ಡದು, ನಡುವಣದು, ಸಣ್ಣದೆಂದು ಒಂದರ ಮೇಲೊಂದು ಪೇರಿಸಿ ಒಂದೇ ಜೀವಿಯಂತೆ ಹೋರಾಡಿಸಿತು. ಪೆಟ್ಟು ಜೋರಾದರೆ ಪೇರಿಸಿದ್ದು ಉರುಳುತ್ತದೆ. ಸ್ಪೇನಿನ ಕ್ರೆಮಾ ಸಂಸ್ಥೆಯ ಟೆಮ್‌ಟೆಮ್ (2022) ಮೆಗಾ, ಟೆರಾದಂಥ ಮಹಾ ರೂಪಾಂತರವನ್ನೇ ದೂರವಿಟ್ಟು, ದಣಿವಿನ ಲೆಕ್ಕದ ಮೇಲೆ ಡಬಲ್ಸ್ ಕಾಳಗವನ್ನು ನಿಲ್ಲಿಸಿತು.

ಸರದಿಯಿಲ್ಲದ ಕಾಳಗ

ಭಾರತದಲ್ಲಿ 2016ರ ಡಿಸೆಂಬರಿನಲ್ಲಿ ರಿಲಯನ್ಸ್ ಜಿಯೋ ಜೊತೆಗೂಡಿ ಅಧಿಕೃತವಾಗಿ ಆರಂಭವಾದ ಮೊಬೈಲ್ ಆಟ ಪೋಕೆಮಾನ್ ಗೋ, 2020ರ ಆಗಸ್ಟಿನಲ್ಲಿ ಮೆಗಾವನ್ನು ಸೇರಿಸಿಕೊಂಡಿತು. ಅಲ್ಲಿ ಅದರ ಬೆಲೆ ಕಲ್ಲಲ್ಲ, ಗುಂಪು ಕಾಳಗಗಳಲ್ಲಿ ಗೆದ್ದು ಕೂಡಿಸುವ ಮೆಗಾ ಎನರ್ಜಿ. ರೂಪ ಒಂದು ಪಂದ್ಯಕ್ಕೆ ಮುಗಿಯದೆ ಗಂಟೆಗಟ್ಟಲೆ ಉಳಿಯುತ್ತದೆ, ಜೊತೆಗೆ ಹೋರಾಡುವ ಇತರರ ದಾಳಿಗೂ ಬಲ ಕೊಡುತ್ತದೆ. 2024ರ ಸೆಪ್ಟೆಂಬರಿನಲ್ಲಿ ಡೈನಾಮ್ಯಾಕ್ಸ್ ಕೂಡ ಅಲ್ಲಿಗೆ ಬಂತು.

2025ರ ಅಕ್ಟೋಬರ್ 16ರಂದು ಬಂದ ಪೋಕೆಮಾನ್ ಲೆಜೆಂಡ್ಸ್: ಝಡ್-ಎ ಮುಖ್ಯ ಸರಣಿಯ ಕಾಳಗದಿಂದ ಸರದಿಯನ್ನೇ ತೆಗೆಯಿತು. ಲುಮಿಯೋಸ್ ನಗರದಲ್ಲಿ ನಡೆಯುವ ಈ ಆಟದಲ್ಲಿ ಟ್ರೇನರೂ ಜೀವಿಯೂ ಓಡಾಡುತ್ತಲೇ ಹೋರಾಡುತ್ತಾರೆ. ಬಳಸಿದ ಮೂವ್ ಮತ್ತೆ ಸಿದ್ಧವಾಗಲು ಕೆಲವು ಕ್ಷಣ ಕಾಯಬೇಕು. ಮೆಗಾ ಎವಲ್ಯೂಷನ್ ಇಲ್ಲಿ ಹೊಸ ಜಾತಿಗಳೊಂದಿಗೆ ಮರಳಿತು, ಆದರೆ ಪಂದ್ಯಕ್ಕೊಮ್ಮೆ ಎಂಬ 2013ರ ನಿಯಮ ಮರಳಲಿಲ್ಲ. ಕಾದಾಡುತ್ತ ಹೋದಂತೆ ಒಂದು ಮಾಪಕ ತುಂಬುತ್ತದೆ. ತುಂಬಿದಾಗ ರೂಪ ಬದಲಿಸಬಹುದು. ಖಾಲಿಯಾದೊಡನೆ ಜೀವಿ ಹಳೆಯ ರೂಪಕ್ಕೆ ಇಳಿಯುತ್ತದೆ. ಮತ್ತೆ ತುಂಬಿಸಿದರೆ ಮತ್ತೆ ಅವಕಾಶ. ಎದುರಾಳಿಯ ಮೆಗಾ ಕರಗುವವರೆಗೆ ದೂರ ಓಡಿ ತಪ್ಪಿಸಿಕೊಳ್ಳುವುದು, ಸರದಿಯ ಕಾಳಗದಲ್ಲಿ ಅರ್ಥವೇ ಇಲ್ಲದಿದ್ದ ಆ ಉಪಾಯ, ಇಲ್ಲಿ ಒಪ್ಪತಕ್ಕ ಯುದ್ಧತಂತ್ರ.